ಕುದುರೆಮುಖ ಚಾರಣ: ಟಿಕೆಟ್‌ನಿಂದ ಹಿಡಿದು ಮನೆಗೆ ವಾಪಸ್ ಬರುವವರೆಗೆ, ಹಂತ ಹಂತವಾಗಿ

ಕುದುರೆಮುಖಕ್ಕೆ ಹೋಗಿ ತುದಿ ಮುಟ್ಟದೆ ಬಂದವರನ್ನು ಕೇಳಿ ನೋಡಿ. ಕಾರಣಗಳು ಮೂರೋ ನಾಲ್ಕೋ ಅಷ್ಟೇ. ಟಿಕೆಟ್ ಸಿಗಲಿಲ್ಲ. ಮಳೆ ಅಂತ ಬಂದ್ ಮಾಡಿದ್ದರು. ಹೊರಟಿದ್ದು ತಡವಾಯಿತು, ಗೈಡ್ ಅರ್ಧ ದಾರಿಯಿಂದ ವಾಪಸ್ ಕರೆತಂದರು. ಇಳಿಯುವಾಗ ಮಂಡಿ ಹಿಡಿದುಕೊಂಡಿತು. ಇವುಗಳಲ್ಲಿ ಹೆಚ್ಚಿನವನ್ನು ಮನೆಯಲ್ಲಿ ಕೂತೇ ಸರಿ ಮಾಡಬಹುದಿತ್ತು.

ಎಡವುವುದು ಹೆಚ್ಚಾಗಿ ಕೆಲಸಗಳ ಕ್ರಮದಲ್ಲಿ. ಮೊದಲು ಬಸ್ ಸೀಟು, ಆಮೇಲೆ ಹೋಮ್‌ಸ್ಟೇ, ಕೊನೆಗೆ ಅರಣ್ಯ ಇಲಾಖೆಯ ಟಿಕೆಟ್ ಅಂತ ಹೋಗುತ್ತಾರೆ. ಇದನ್ನು ಪೂರ್ತಿ ತಿರುಗಿಸಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಒಂದು ಮುಗಿಯದೆ ಇನ್ನೊಂದಕ್ಕೆ ಹೋಗಬೇಡಿ.

ಹಂತ 1: ಯಾವ ಬೆಟ್ಟ, ಯಾರು ಯಾರು

ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಚಾರಣದ ದಾರಿಗಳು ಹಲವಾರಿವೆ. ಎಲ್ಲರ ಬಾಯಲ್ಲಿರುವುದು ಮುಳ್ಳೋಡಿ ಎಂಬ ಹಳ್ಳಿಯಿಂದ ಕುದುರೆಮುಖ ಶಿಖರಕ್ಕೆ ಹೋಗುವ ದಾರಿ. ಶಿಖರದ ಎತ್ತರ ಸುಮಾರು 1,890 ಮೀಟರ್. ಹೋಗಿ ಬರಲು ಒಟ್ಟು 18ರಿಂದ 20 ಕಿಲೋಮೀಟರ್ ನಡಿಗೆ. ಸಾಧಾರಣ ವೇಗದವರಿಗೆ ಎಂಟರಿಂದ ಒಂಬತ್ತು ಗಂಟೆ ಬೇಕು. ಮೇಲೆ ರಾತ್ರಿ ಉಳಿಯಲು, ಟೆಂಟ್ ಹಾಕಲು ಬಿಡುವುದಿಲ್ಲ. ಅಂದರೆ ಇಡೀ ದೂರವನ್ನು ಒಂದೇ ಹಗಲಿನಲ್ಲಿ ಮುಗಿಸಬೇಕು.

ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರು? ಅವರ ಲೆಕ್ಕದಲ್ಲಿ ಬೆಟ್ಟ ಆರಿಸಿ. ಚಿಕ್ಕ ಮಕ್ಕಳಿದ್ದರೆ, ಮೊದಲ ಸಲ ಬೆಟ್ಟ ಹತ್ತುವವರಿದ್ದರೆ ಅದೇ ಉದ್ಯಾನದ ಕುರಿಂಜಲ್ ಅಥವಾ ಗಂಗಡಿಕಲ್ಲು ವಾಸಿ. ದೂರ ಕಡಿಮೆ. ಹುಲ್ಲುಗಾವಲು, ಕಣಿವೆಗಳ ಶೋಲಾ ಕಾಡು, ಮಂಜು ಎಲ್ಲ ಅಲ್ಲೂ ಇದೆ. 'ಕುದುರೆಮುಖ' ಎಂಬ ಹೆಸರಿನ ಆಸೆಗೆ ಅತ್ತೆಯನ್ನೋ ಏಳು ವರ್ಷದ ಮಗುವನ್ನೋ 20 ಕಿಲೋಮೀಟರ್ ನಡೆಸುವುದು ಬೇಡ.

ಆಸ್ತಮಾ, ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು ದಿನ ಗೊತ್ತುಮಾಡುವ ಮೊದಲೇ ಡಾಕ್ಟರನ್ನು ಕಾಣಲಿ. ಟಿಕೆಟ್ ಕೈಗೆ ಬಂದ ಮೇಲೆ 'ನಾನು ಆರಾಮಾಗಿದ್ದೀನಿ' ಅಂತಲೇ ಎಲ್ಲರೂ ಹೇಳುತ್ತಾರೆ.

ಹಂತ 2: ತಿಂಗಳು ಆರಿಸುವುದು

ಬೇಸಿಗೆಯಲ್ಲಿ ಹುಲ್ಲು ಒಣಗಿ ನಿಂತಿರುತ್ತದೆ. ಕಾಳ್ಗಿಚ್ಚಿನ ಭಯದಿಂದ ಸಾಮಾನ್ಯವಾಗಿ ಫೆಬ್ರವರಿಯಿಂದ ಮೇವರೆಗೆ ಚಾರಣ ಬಂದ್ ಇರುತ್ತದೆ. ಬೇಸಿಗೆ ರಜೆಗೆ ಅಂತ ಯೋಜನೆ ಹಾಕಿದ್ದರೆ ಈಗಲೇ ಬದಲಿಸಿ.

ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ಬೆಟ್ಟ ಹಸಿರಾಗಿ ಕಣ್ಣು ತುಂಬುತ್ತದೆ ನಿಜ. ಆದರೆ ಮಳೆ ಜೋರಾದ ದಿನ ಚಾರಣ ನಿಲ್ಲಿಸುತ್ತಾರೆ, ರಸ್ತೆಗೆ ಮರ ಬೀಳುತ್ತದೆ, ಗುಡ್ಡ ಜರಿಯುತ್ತದೆ. ಚಾರಣದ ಜೊತೆಗೆ ಹೊರನಾಡಿಗೂ ಹೋಗಿಬರೋಣ ಎಂದುಕೊಂಡವರು ಇನ್ನೊಂದು ಗಮನಿಸಿ. ಕಳಸ–ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಭದ್ರಾ ನದಿ ಉಕ್ಕಿದಾಗ ಮುಳುಗುತ್ತದೆ. ಮಳೆಗಾಲದಲ್ಲಿ ಹೋಗುವವರು ಕೈಯಲ್ಲಿ ಒಂದು ದಿನ ಜಾಸ್ತಿ ಇಟ್ಟುಕೊಳ್ಳಬೇಕು. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗಲೇಬೇಕಾದವರಿಗೆ ಇದು ಸರಿಯಾದ ಕಾಲವಲ್ಲ.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ನವೆಂಬರ್ ಮತ್ತು ಡಿಸೆಂಬರ್. ಹುಲ್ಲಿನ ಹಸಿರು ಇನ್ನೂ ಪೂರ್ತಿ ಹೋಗಿರುವುದಿಲ್ಲ, ಹಳ್ಳಗಳಲ್ಲಿ ನೀರು ತಗ್ಗಿರುತ್ತದೆ, ಉಂಬಳದ (ಜಿಗಣೆಯ) ಕಾಟವೂ ಕಡಿಮೆ. ಅಕ್ಟೋಬರ್ ಕೂಡ ಚೆನ್ನ, ಆದರೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವ ತಿಂಗಳದು.

ಹಂತ 3: ಟಿಕೆಟ್. ಇದಾದ ಮೇಲೆಯೇ ಉಳಿದಿದ್ದೆಲ್ಲ

ಹೆಚ್ಚು ಜನ ಎಡವುವುದು ಇಲ್ಲಿಯೇ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆ ಆಗಿದ್ದು ನೆನಪಿರಬಹುದು. ಅದಾದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಟಿಕೆಟ್ ತಂದಿತು. ಒಂದು ದಾರಿಗೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಬಂತು. ಟಿಕೆಟ್ ಸಿಗುವುದು ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ.

ಹೀಗೆ ಮಾಡಿ:

1. ಜಾಲತಾಣದಲ್ಲಿ ಮೊದಲೇ ಖಾತೆ ತೆರೆದಿಡಿ. ಬುಕಿಂಗ್ ಶುರುವಾದ ಹೊತ್ತಿನಲ್ಲಿ ಓಟಿಪಿಗೆ ಕಾಯುತ್ತಾ ಕೂತರೆ ಶನಿವಾರ, ಭಾನುವಾರದ ಜಾಗ ಹೋಗಿಬಿಡುತ್ತದೆ.

2. ಗುಂಪಿನ ಎಲ್ಲರ ಹೆಸರು, ವಯಸ್ಸು, ಗುರುತಿನ ಚೀಟಿಯ ಸಂಖ್ಯೆ ಒಂದು ಕಡೆ ಬರೆದಿಟ್ಟುಕೊಳ್ಳಿ. ಹೆಸರು ಚೀಟಿಯಲ್ಲಿ ಇದ್ದ ಹಾಗೇ ಇರಲಿ. ಮನೆಯಲ್ಲಿ ಕರೆಯುವ ಹೆಸರು ಹಾಕಿದರೆ ತಪಾಸಣೆಯಲ್ಲಿ ತೊಂದರೆ.

3. ಎರಡು ದಿನಾಂಕ ಮನಸ್ಸಿನಲ್ಲಿರಲಿ. ಒಂದಾದರೂ ವಾರದ ನಡುವಿನ ದಿನವಾಗಿರಲಿ. ಮಂಗಳವಾರ, ಬುಧವಾರ ಟಿಕೆಟ್ ಸಿಗುವುದು ಸುಲಭ. ದಾರಿಯೂ ಖಾಲಿ.

4. ದುಡ್ಡು ಕಟ್ಟುವ ಮುಂಚೆ ದಾರಿಯ ಹೆಸರನ್ನು ಇನ್ನೊಮ್ಮೆ ಓದಿ. ನೇತ್ರಾವತಿ ಶಿಖರ, ಕುರಿಂಜಲ್, ಕುದುರೆಮುಖ ಎಲ್ಲ ಒಂದೇ ವನ್ಯಜೀವಿ ವಿಭಾಗದವು, ಆದರೆ ಟಿಕೆಟ್ ಬೇರೆ ಬೇರೆ. ಒಂದರ ಟಿಕೆಟ್ ಇನ್ನೊಂದಕ್ಕೆ ನಡೆಯುವುದಿಲ್ಲ.

5. ಟಿಕೆಟನ್ನು ಪ್ರಿಂಟ್ ಹಾಕಿಸಿ, ಮೊಬೈಲಿನಲ್ಲೂ ಉಳಿಸಿ. ಗೇಟಿನ ಹತ್ತಿರ ನೆಟ್‌ವರ್ಕ್ ಸಿಗುತ್ತದೆ ಎಂದು ನಂಬಬೇಡಿ.

ಹುಷಾರಾಗಿರಬೇಕಾದ್ದು ಇಲ್ಲಿ: 'ಟಿಕೆಟ್ ಚಿಂತೆ ಬಿಡಿ, ಅಲ್ಲಿ ಬಂದ ಮೇಲೆ ಮಾಡಿಸಿಕೊಡ್ತೀವಿ' ಎನ್ನುವ ಪ್ಯಾಕೇಜ್‌ನವರಿಗೆ ಮುಂಗಡ ಕೊಡಬೇಡಿ. ನಿಮ್ಮ ಹೆಸರಿರುವ ಟಿಕೆಟ್ ಕಳಿಸಿ, ಆಮೇಲೆ ದುಡ್ಡು ಎನ್ನಿ. ಕಳಿಸಲು ಹಿಂದೆ ಮುಂದೆ ನೋಡಿದರೆ ಟಿಕೆಟ್ ಇಲ್ಲ ಎಂದೇ ತಿಳಿಯಿರಿ.

ಹಂತ 4: ಮುಳ್ಳೋಡಿ ತಲುಪುವುದು

ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಕಳಸ. ಸುಮಾರು 330 ಕಿಲೋಮೀಟರ್. ರಾತ್ರಿ ಬಸ್ಸುಗಳಿವೆ. ಕಳಸದಿಂದ ಕುದುರೆಮುಖದ ಕಡೆಗೆ ಹೊರಟರೆ ಸಂಸೆ ಸಿಗುತ್ತದೆ. ಕರಾವಳಿಯವರು ಕಾರ್ಕಳ, ಮಾಳ, ಎಸ್.ಕೆ. ಬಾರ್ಡರ್ ಮೇಲೆ ಬರಬಹುದು. ಈ ರಸ್ತೆ ಉದ್ಯಾನದೊಳಗೇ ಹಾದುಹೋಗುತ್ತದೆ. ಚೆಕ್‌ಪೋಸ್ಟಿನಲ್ಲಿ ಹೊತ್ತು ಬರೆದ ಚೀಟಿ ಕೊಡುತ್ತಾರೆ, ದಾರಿಯಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆಯುತ್ತಾ ಕೂತರೆ ದಂಡ ಬೀಳಬಹುದು. ಪೆಟ್ರೋಲ್ ಕಾಡಿನ ಗಡಿ ದಾಟುವ ಮೊದಲೇ ತುಂಬಿಸಿ.

ಸಂಸೆ ಕಡೆಯಿಂದ ಮುಳ್ಳೋಡಿಗೆ ಆರೇಳು ಕಿಲೋಮೀಟರ್ ಕಲ್ಲು, ಗುಂಡಿಗಳ ರಸ್ತೆ. ಇಲ್ಲಿ ಓಡುವುದು ಊರಿನವರ ಜೀಪು. ಕಾರು ಒಯ್ಯುವ ಸಾಹಸ ಬೇಡ, ಅಡಿ ತಾಗಿ ಮಧ್ಯದಲ್ಲಿ ನಿಂತರೆ ಬೆಳಗಿನ ಎರಡು ಗಂಟೆ ಹಾಳು.

ಜೀಪು ಮತ್ತು ಗೈಡ್ ಎರಡನ್ನೂ ಹಿಂದಿನ ದಿನವೇ ಗೊತ್ತುಮಾಡಿ. ಹೋಮ್‌ಸ್ಟೇಯವರಿಗೆ ಹೇಳಿದರೆ ವ್ಯವಸ್ಥೆ ಮಾಡುತ್ತಾರೆ. ಗೈಡ್ ಇಲ್ಲದೆ ಹೋಗುವ ಹಾಗಿಲ್ಲ. ಹೋಗಲೂ ಬಾರದು, ಯಾಕೆಂದರೆ ಹುಲ್ಲುಗಾವಲಿನಲ್ಲಿ ಮಂಜು ಇಳಿದರೆ ಹತ್ತು ಹೆಜ್ಜೆ ಆಚೆಯ ದಾರಿಯೂ ಕಾಣುವುದಿಲ್ಲ. ದನ, ಕಾಟಿ (ಕಾಡುಕೋಣ) ಓಡಾಡಿದ ಜಾಡೆಲ್ಲ ದಾರಿಯ ಹಾಗೇ ಕಾಣುತ್ತದೆ.

ಉಳಿಯುವ ಜಾಗ ಮುಳ್ಳೋಡಿಯ ಹತ್ತಿರ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ರಾತ್ರಿ ಬಸ್ಸಿನಲ್ಲಿ ಬಂದು, ನಿದ್ದೆಗೆಟ್ಟು, ಅದೇ ಬೆಳಿಗ್ಗೆ ಹತ್ತಲು ಹೊರಡುವವರು ತುಂಬಾ ಜನ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ರಾತ್ರಿ ಮಲಗಿ ಎದ್ದು ಹೋಗಿ.

ಹಂತ 5: ಕಾಲು ತಯಾರು ಮಾಡುವುದು

ನಾಲ್ಕು ವಾರ ಸಾಕು, ಆದರೆ ಬಿಡದೆ ಮಾಡಬೇಕು. ವಾರದಲ್ಲಿ ಮೂರು ದಿನ ಮೆಟ್ಟಿಲು ಹತ್ತಿ ಇಳಿಯಿರಿ. ಲಿಫ್ಟ್‌ನಲ್ಲಿ ಇಳಿಯಬೇಡಿ. ಹತ್ತುವಾಗ ದಣಿಯುವುದು ಉಸಿರು, ಇಳಿಯುವಾಗ ನೋಯುವುದು ಮಂಡಿ. ಕುದುರೆಮುಖದಲ್ಲಿ ಹೆಚ್ಚು ಜನರನ್ನು ಕಾಡುವುದು ಇಳಿತವೇ. ಭಾನುವಾರ ಒಂದು ಉದ್ದ ನಡಿಗೆ ಇರಲಿ, ಚಾರಣಕ್ಕೆ ಒಯ್ಯುವ ಅದೇ ಬ್ಯಾಗು, ಅಷ್ಟೇ ಭಾರ ಹೊತ್ತು, ಅದೇ ಶೂ ಹಾಕಿಕೊಂಡು.

ಹೋಗುವ ವಾರದ ಮುಂಚೆ ಒಂದು ಪರೀಕ್ಷೆ. ಮೈಸೂರಿನವರು ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಒಂದೇ ಬೆಳಿಗ್ಗೆ ಎರಡು ಸಲ ಹತ್ತಿ ಇಳಿಯಲಿ. ಬೆಳ್ತಂಗಡಿ ಕಡೆಯವರಿಗೆ ಗಡಾಯಿಕಲ್ಲು ಇದೆ, 1,800ಕ್ಕೂ ಹೆಚ್ಚು ಮೆಟ್ಟಿಲು, ತೆರೆದಿರುವ ಕಾಲದಲ್ಲಿ ಹೋಗಬಹುದು. ಬೆಂಗಳೂರಿನವರಿಗೆ ಸಾವನದುರ್ಗ. ಮರುದಿನ ಮೆಟ್ಟಿಲು ಇಳಿಯುವಾಗ ಮಂಡಿಯಲ್ಲಿ ಚುಚ್ಚಿದಂತಾದರೆ ಅದು ಎಚ್ಚರಿಕೆ. ತೊಡೆ ಬಿಗಿಯಾಗಿದ್ದರೆ ಚಿಂತೆಯಿಲ್ಲ. ಮಂಡಿಯ ಕೀಲು ನೋವಾದರೆ ದಿನಾಂಕ ಮುಂದೂಡಿ, ಇಲ್ಲವೇ ಚಿಕ್ಕ ದಾರಿಗೆ ಬದಲಿಸಿ.

ಹಂತ 6: ಬ್ಯಾಗು

ಮೊದಲು ಶೂ. ಅಡಿಯಲ್ಲಿ ಆಳವಾದ ಹಲ್ಲು ಇರಬೇಕು. ಓಡುವ ಶೂಗಳ ಚಪ್ಪಟೆ ಅಡಿ ಒದ್ದೆ ಹುಲ್ಲಿನ ಮೇಲೆ ನಿಲ್ಲುವುದಿಲ್ಲ. ಹೊಸ ಶೂ ಕೊಂಡರೆ ಚಾರಣಕ್ಕೆ ಮೊದಲು ಕಡಿಮೆಯೆಂದರೆ 30 ಕಿಲೋಮೀಟರಾದರೂ ಅದರಲ್ಲಿ ನಡೆದಿರಬೇಕು. ಇಳಿಯುವ ಮುಂಚೆ ದಾರವನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿ, ಇಲ್ಲವಾದರೆ ಬೆರಳು ಮುಂದಕ್ಕೆ ಹೊಡೆದು ಉಗುರು ಕಪ್ಪಾಗುತ್ತದೆ.

ಬಟ್ಟೆ. ಜೀನ್ಸ್ ಬೇಡವೇ ಬೇಡ. ಒದ್ದೆಯಾದರೆ ಭಾರ, ಒಣಗುವುದಿಲ್ಲ, ತೊಡೆ ಉಜ್ಜುತ್ತದೆ. ಬೇಗ ಒಣಗುವ ತೆಳು ಪ್ಯಾಂಟು, ತುಂಬು ತೋಳಿನ ಅಂಗಿ ಸಾಕು. ಮಳೆಗೆ ಜಾಕೆಟ್ ತನ್ನಿ. ದಿಣ್ಣೆಯ ಮೇಲಿನ ಗಾಳಿಗೆ ಅಗ್ಗದ ಪ್ಲಾಸ್ಟಿಕ್ ಪೊಂಚೋ ಹರಿದು ಹೋಗುತ್ತದೆ, ಮುಖಕ್ಕೆ ಹಾರಿ ದಾರಿಯೂ ಕಾಣದಂತಾಗುತ್ತದೆ. ಒಂದು ಜೊತೆ ಒಣ ಅಂಗಿ, ಕಾಲುಚೀಲವನ್ನು ನೀರು ಹೋಗದ ಹಾಗೆ ಕಟ್ಟಿ ಬ್ಯಾಗಿನ ತಳದಲ್ಲಿಡಿ. ಹಗಲು ಬಿಸಿಲಿದ್ದರೂ ಇದನ್ನು ಬಿಟ್ಟು ಬರಬೇಡಿ.

ನೀರಿಗೆ ಒಬ್ಬೊಬ್ಬರಿಗೂ ಒಟ್ಟು ಮೂರು ಲೀಟರ್ ಹಿಡಿಯುವ ಬಾಟಲಿಗಳು. ಮರಳಿ ತುಂಬಿಸುವಂಥವು. ಬೆಳಿಗ್ಗೆ ಎರಡು ಲೀಟರ್ ತುಂಬಿಸಿಕೊಂಡು ಹೊರಡಿ. ದಾರಿಯ ಹಳ್ಳದ ನೀರು ತಿಳಿಯಾಗಿ ಕಂಡರೂ ಶುದ್ಧೀಕರಿಸುವ ಮಾತ್ರೆ ಹಾಕಿ, ಪೊಟ್ಟಣದಲ್ಲಿ ಬರೆದಷ್ಟು ಹೊತ್ತು ಕಾದು ಕುಡಿಯಿರಿ. ಜೊತೆಗೆ ಎರಡು ಓಆರ್‌ಎಸ್ ಪೊಟ್ಟಣ. ಕಾಡು ಮುಗಿದ ಮೇಲಿನ ಹುಲ್ಲುಗುಡ್ಡದಲ್ಲಿ ನೆರಳಿಲ್ಲ. ಅಲ್ಲಿ ತಲೆನೋವು ಬಂದರೆ, ಮೂತ್ರ ಕಡು ಹಳದಿಯಾದರೆ ನೀರು ಸಾಲುತ್ತಿಲ್ಲ ಎಂದರ್ಥ.

ಊಟ ಸರಳ. ಹೋಮ್‌ಸ್ಟೇಯವರು ಕಟ್ಟಿಕೊಡುವ ಪುಳಿಯೋಗರೆ, ಚಪಾತಿ ಚೆನ್ನಾಗಿ ನಡೆಯುತ್ತದೆ. ಬಾಳೆಹಣ್ಣು, ಕಡಲೆ ಬೆಲ್ಲ, ಖರ್ಜೂರ ಇರಲಿ. ಸ್ಟೀಲ್ ಡಬ್ಬಿಯಲ್ಲಿ ಹಾಕಿಸಿಕೊಳ್ಳಿ. ಬ್ಯಾಗ್ ತಪಾಸಣೆ ಇರುತ್ತದೆ, ಪ್ಲಾಸ್ಟಿಕ್ ಕವರುಗಳನ್ನು ತೆಗೆಸುತ್ತಾರೆ. ತಪಾಸಣೆ ಇಲ್ಲದಿದ್ದರೂ ಒಯ್ಯಬೇಡಿ. ಸಿಂಗಳೀಕ, ಕಡವೆ, ಕಾಟಿ, ಹುಲಿ ಇರುವ ಕಾಡು ಅದು. ನಾವು ಬಿಟ್ಟ ಚಿಪ್ಸ್ ಕವರನ್ನು ಉಪ್ಪಿನ ವಾಸನೆಗೆ ಪ್ರಾಣಿಗಳು ತಿನ್ನುತ್ತವೆ.

ಇನ್ನು ಚಿಕ್ಕ ಸಾಮಾನು: ಟಾರ್ಚು, ಪವರ್ ಬ್ಯಾಂಕ್, ಸೀಟಿ, ಕ್ರೇಪ್ ಬ್ಯಾಂಡೇಜ್, ನಂಜುನಿರೋಧಕ ಮುಲಾಮು, ನೀವು ದಿನಾ ತೆಗೆದುಕೊಳ್ಳುವ ಮಾತ್ರೆಗಳು, ಚಿಮಟ. ದಾರಿಯಲ್ಲಿ ಶೌಚಾಲಯ ಇಲ್ಲ. ಮುಟ್ಟಿನ ದಿನಗಳಾದರೆ ಬಳಸಿದ ಪ್ಯಾಡ್ ವಾಪಸ್ ತರಲು ಒಂದು ಜಿಪ್ ಚೀಲ ಇಟ್ಟುಕೊಳ್ಳಿ. ಡ್ರೋನ್, ಸ್ಪೀಕರ್, ಬೆಂಕಿಪೊಟ್ಟಣ, ಸಿಗರೇಟು ಮನೆಯಲ್ಲೇ ಇರಲಿ. ಒಟ್ಟು ಭಾರ ಆರು ಕಿಲೋ ದಾಟಿದರೆ ಏನೋ ಬೇಡದ್ದು ಸೇರಿದೆ.

ಹಂತ 7: ಉಂಬಳ ಮತ್ತು ಉಣುಗು

ಜನ ಹೆದರುವುದು ಉಂಬಳಕ್ಕೆ. ನಿಜಕ್ಕೂ ಎಚ್ಚರ ಇರಬೇಕಾದ್ದು ಉಣುಗಿನ ಬಗ್ಗೆ, ಅಂದರೆ ದನ, ನಾಯಿಗಳ ಮೈಗೆ ಹತ್ತುವ ಉಣ್ಣೆಯ ಬಗ್ಗೆ.

ಉಂಬಳಕ್ಕೆ ಮಂಡಿಯವರೆಗೆ ಬರುವ ಒತ್ತು ನೇಯ್ಗೆಯ ಕಾಲುಚೀಲ ಸಿಗುತ್ತದೆ. ಪ್ಯಾಂಟನ್ನು ಅದರೊಳಗೆ ತುರುಕಿ. ಮಲೆನಾಡಿನವರು ಹೊಗೆಸೊಪ್ಪು, ಸುಣ್ಣ, ಉಪ್ಪು ಬಳಸುತ್ತಾರೆ, ಶೂ ಹೊರಗೆ ಹಚ್ಚಲು ಅವೂ ಆಗುತ್ತವೆ. ಕಚ್ಚಿದ್ದರೆ ಎಳೆಯಬೇಡಿ. ಉಗುರನ್ನು ಚರ್ಮಕ್ಕೆ ಒತ್ತಿ, ಸಣ್ಣ ತುದಿಯ ಕಡೆಯಿಂದ ಸರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ರಸ ಬಿಟ್ಟಿರುತ್ತದೆ, ಅದಕ್ಕೇ ಸ್ವಲ್ಪ ಹೊತ್ತು ಸೋರುತ್ತದೆ. ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ.

ಉಣುಗಿನಿಂದ ಹರಡುವುದು ಮಂಗನ ಕಾಯಿಲೆ ಎಂಬ ಜ್ವರ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಚಿಕ್ಕಮಗಳೂರು ಜಿಲ್ಲೆಯಲ್ಲೂ ಇದೆ. ಚಳಿಗಾಲದಿಂದ ಬೇಸಿಗೆಯವರೆಗೆ ಜಾಸ್ತಿ. ಅಂದರೆ ಚಾರಣಕ್ಕೆ ಚೆನ್ನಾದ ತಿಂಗಳುಗಳಲ್ಲೇ ಇದರ ಭಯವೂ ಶುರುವಾಗುತ್ತದೆ. ಆರೋಗ್ಯ ಇಲಾಖೆ ಕಾಡಿನಂಚಿನ ಊರುಗಳಲ್ಲಿ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಹಂಚುತ್ತದೆ, ಹೋಮ್‌ಸ್ಟೇಯವರನ್ನು ಕೇಳಿ ನೋಡಿ. ಕೈಕಾಲಿಗೆ ಹಚ್ಚಿಕೊಂಡು ಹೋಗಿ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಗೈಡಿಗೆ ತಿಳಿಸಿ.

ಹಂತ 8: ಹಿಂದಿನ ದಿನ

ಹವಾಮಾನ ಇಲಾಖೆ ಜಿಲ್ಲೆವಾರು ಬಣ್ಣದ ಎಚ್ಚರಿಕೆ ಕೊಡುತ್ತದೆ. ಚಿಕ್ಕಮಗಳೂರಿನದ್ದನ್ನು ನೋಡಿ. ಭಾರಿ ಮಳೆಯೆಂದರೆ ದಿನಕ್ಕೆ 64.5 ಮಿಲಿಮೀಟರ್ ಮೇಲೆ, ಅತಿ ಭಾರಿಯೆಂದರೆ 115.6 ಮೇಲೆ. ಆರೆಂಜ್ ಅಥವಾ ರೆಡ್ ಇದ್ದರೆ ಹೊರಡಬೇಡಿ. ಹೋಮ್‌ಸ್ಟೇಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಗೇಟು ತೆರೆದಿದೆಯಾ, ಹಳ್ಳದಲ್ಲಿ ನೀರೆಷ್ಟು?

ಮನೆಯವರಿಗೆ ಒಂದು ಸಂದೇಶ ಕಳಿಸಿ. ಎಲ್ಲಿಂದ ಹೊರಡುತ್ತೀರಿ, ಯಾರ ಜೊತೆ, ಗೈಡಿನ ನಂಬರ್, ಎಷ್ಟು ಗಂಟೆಗೆ ಇಳಿದಿರುತ್ತೀರಿ. ದಾರಿಯ ಬಹುಭಾಗದಲ್ಲಿ ಸಿಗ್ನಲ್ ಇರುವುದಿಲ್ಲ ಎಂದೂ ಹೇಳಿ, ಸುಮ್ನೆ ಗಾಬರಿಯಾಗುವುದು ಬೇಡ.

ಹಂತ 9: ಹತ್ತುವ ದಿನ

*ವಾಪಸ್ ತಿರುಗುವ ಗಂಟೆ.* ಕೆಳಗೇ, ಎಲ್ಲರೂ ನಿಂತಾಗ, ಗೈಡಿನ ಎದುರಿಗೆ ತೀರ್ಮಾನಿಸಿ. ಬೆಳಿಗ್ಗೆ ಏಳಕ್ಕೆ ಹೊರಟರೆ ಮಧ್ಯಾಹ್ನ 12:30. ಆ ಹೊತ್ತಿಗೆ ತುದಿ ಅರ್ಧ ಕಿಲೋಮೀಟರ್ ದೂರದಲ್ಲಿದ್ದರೂ ತಿರುಗಬೇಕು. ಡಿಸೆಂಬರಿನಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲು. ಒಂಬತ್ತಕ್ಕೆ ಹೊರಟವರು ತುದಿಯ ಆಸೆ ಇಟ್ಟುಕೊಳ್ಳದೆ ಹುಲ್ಲುಗಾವಲಿನವರೆಗೆ ಹೋಗಿ ಬರುವುದು ಒಳ್ಳೆಯದು.

*ವೇಗ.* ಮಾತಾಡುತ್ತಾ ನಡೆಯಲು ಆಗುವಷ್ಟೇ. ನಿಧಾನದವರು ಮುಂದೆ, ಗಟ್ಟಿಯವರೊಬ್ಬರು ಕೊನೆಯಲ್ಲಿ. ಹಿಂದುಳಿದವರಿಗಾಗಿ ನಿಂತು, ಅವರು ಬಂದ ಕೂಡಲೇ ಹೊರಟುಬಿಡಬೇಡಿ. ಅವರಿಗೂ ಐದು ನಿಮಿಷ ಬೇಕು ಅಲ್ವಾ?

*ಹಳ್ಳ.* ದಾರಿಯಲ್ಲಿ ಹಲವು ಹಳ್ಳ ದಾಟಬೇಕು. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದದ್ದು ಮೇಲೆ ಮಳೆ ಹೊಯ್ದರೆ ಸಂಜೆಗೆ ಸೊಂಟಕ್ಕೆ ಬರಬಹುದು. ನೀರು ಕೆಂಪಾದರೆ, ಎಲೆ ಕಡ್ಡಿ ತೇಲಿಬಂದರೆ, ಸದ್ದು ಜಾಸ್ತಿಯಾದರೆ ಮೇಲಿಂದ ನೀರು ಬರುತ್ತಿದೆ. ಮಂಡಿಗಿಂತ ಮೇಲಿದ್ದರೆ ಇಳಿಯಬೇಡಿ. ದಡದಲ್ಲಿ ಕಾಯಿರಿ. ಹತ್ತುವಾಗಲೇ ಮಳೆ ಬಿಡದೆ ಸುರಿಯುತ್ತಿದ್ದರೆ ಹಳ್ಳ ಏರುವ ಮುಂಚೆ ವಾಪಸಾಗಿ.

*ಸಿಡಿಲು.* ದಾರಿಯ ಗುರುತಾಗಿ ಎಲ್ಲರೂ ಹೇಳುವ 'ಒಂಟಿ ಮರ' ಇದೆ. ಎಲ್ಲರೂ ಅದರಡಿ ಕೂತು ಸುಧಾರಿಸಿಕೊಳ್ಳುತ್ತಾರೆ. ಬಿಸಿಲಿಗೆ ಸರಿ. ಆದರೆ ಗುಡುಗಿನ ಹೊತ್ತಿನಲ್ಲಿ ಬಯಲಿನ ಒಂಟಿ ಮರದ ಕೆಳಗೆ ನಿಲ್ಲುವುದು ಪ್ರಾಣಕ್ಕೇ ಅಪಾಯ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ದಿಣ್ಣೆ ಬಿಟ್ಟು ತಗ್ಗಿಗೆ ಇಳಿಯಿರಿ. ಒಬ್ಬರಿಗೊಬ್ಬರು ದೂರ ದೂರ ಇರಿ.

*ಚಳಿ.* ಒದ್ದೆ ಮೈಗೆ ಗಾಳಿ ಹೊಡೆದರೆ ನಮ್ಮ ಬೆಟ್ಟಗಳಲ್ಲೂ ಮೈ ಬಿಸಿ ಇಳಿಯುತ್ತದೆ. ನಡುಕ ನಿಲ್ಲದಿರುವುದು, ಮಾತು ತೊದಲುವುದು, ಸುಮ್ಮಸುಮ್ಮನೆ ಎಡವುವುದು ಇದರ ಗುರುತು. ಒಣ ಅಂಗಿ ಹಾಕಿಸಿ, ಗಾಳಿ ಮರೆಯಲ್ಲಿ ಕೂರಿಸಿ, ಸಿಹಿ ತಿನ್ನಿಸಿ, ಅವರನ್ನು ಒಬ್ಬರೇ ಬಿಡದೆ ಕೆಳಗಿಳಿಸಿ.

*ಪ್ರಾಣಿಗಳು.* ಕಾಟಿ ಎದುರಾದರೆ ನಿಲ್ಲಿ, ಗೈಡ್ ಹೇಳಿದಂತೆ ಹಿಂದೆ ಸರಿದು ದಾರಿ ಬಿಡಿ. ತಾಯಿ, ಕರುವಿನ ನಡುವೆ ಹೋಗಬೇಡಿ. ಕಾಡಿನೊಳಗೆ ಆಸರೆಗೆಂದು ಕೊಂಬೆ ಹಿಡಿಯುವ ಮುನ್ನ ಕಣ್ಣು ಹಾಯಿಸಿ, ಗುಳಿಮಂಡಲ ಹಾವುಗಳು ಎಲೆಯ ಬಣ್ಣದಲ್ಲೇ ಇರುತ್ತವೆ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಆ ಕೈ ಅಥವಾ ಕಾಲು ಅಲ್ಲಾಡದಂತೆ ಹೊತ್ತು ತಂದು ಜೀಪಿನಲ್ಲಿ ಕಳಸದ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ಸಿಗ್ನಲ್ ಸಿಕ್ಕ ಕೂಡಲೇ 108ಕ್ಕೆ ಫೋನ್ ಮಾಡಿ.

ಹಂತ 10: ಇಳಿದ ಮೇಲೆ

ಬಟ್ಟೆಯನ್ನೆಲ್ಲ ಬಿಸಿನೀರಿನಲ್ಲಿ ನೆನೆಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ, ಕಿವಿಯ ಹಿಂದೆ, ತಲೆಗೂದಲಿನೊಳಗೆ ಉಣುಗು ಇದೆಯೇ ನೋಡಿ. ಮಕ್ಕಳಿಗೆ ನೀವೇ ನೋಡಿ. ಕಂಡರೆ ಚಿಮಟದಿಂದ ಚರ್ಮಕ್ಕೆ ತಾಗಿದ ಕಡೆಯೇ ಹಿಡಿದು ನೇರ ಎಳೆಯಿರಿ. ಉಗುರಿನಲ್ಲಿ ಹೊಸಕಬೇಡಿ. ಆ ಜಾಗ ಸೋಪಿನಿಂದ ತೊಳೆಯಿರಿ.

ಮುಂದಿನ ಎರಡು ವಾರ ಮೈಮೇಲೆ ಗಮನ ಇರಲಿ. ಮಂಗನ ಕಾಯಿಲೆ ಸಾಮಾನ್ಯವಾಗಿ ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ ತೋರುತ್ತದೆ. ಇದ್ದಕ್ಕಿದ್ದಂತೆ ಚಳಿ ಜ್ವರ, ಹಣೆಯಲ್ಲಿ ಜೋರು ನೋವು, ಮೈಕೈ ನೋವು, ವಾಂತಿ. ಆಗ ಅಂಗಡಿಯ ಮಾತ್ರೆ ನುಂಗಿ ಕಾಯಬೇಡಿ. ಡಾಕ್ಟರ ಹತ್ತಿರ ಹೋಗಿ, ಬೆಂಗಳೂರೇ ಇರಲಿ ಬೇರೆ ಊರೇ ಇರಲಿ, 'ಇಂಥ ದಿನ ಕುದುರೆಮುಖದ ಕಾಡಿಗೆ ಹೋಗಿದ್ದೆ' ಎಂದು ಮೊದಲೇ ಹೇಳಿ. ನೀವು ಹೇಳದಿದ್ದರೆ ಪೇಟೆಯ ಡಾಕ್ಟರಿಗೆ ಆ ಕಾಯಿಲೆ ನೆನಪಿಗೆ ಬರುವುದು ಕಷ್ಟ.